ಗಾದಿಲಿಂಗ ಮೇಷ್ಟರ ಫೀಡ್ ಫೈಲು

ಮನೆಯಲ್ಲಿ ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಗಾದಿಲಿಂಗ ಮೇಷ್ಟರ ಬಹುಕಾಲದ ದೂರು. ಈ ದೂರನ್ನು ಅವರು ಬೆಳಗಿನ ಚಹಾದಿಂದ ಹಿಡಿದು ಊಟದ ಕೊನೆಯ ಮಜ್ಜಿಗೆಯವರೆಗೆ ಹೇಳುತ್ತಲೇ ಇರುತ್ತಿದ್ದರು. ಮನೆಯವರು ಅದನ್ನೂ ಕೇಳುತ್ತಿರಲಿಲ್ಲ. ಬಳ್ಳಾರಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮನುಷ್ಯ ಅವರು. ಶಾಲೆಯಲ್ಲಿ ಅವರು ಬಾಯಿ ತೆರೆದರೆ ಒಂದು ಕೋಣೆಯಷ್ಟು ಮಕ್ಕಳು ಬಾಯಿ ಮುಚ್ಚುತ್ತಾರೆ. ಕಪ್ಪಗಲ್ಲು ರಸ್ತೆಯ ಮನೆಗೆ ಬಂದು ಬಾಯಿ ತೆರೆದರೆ ಹೆಂಡತಿ ಅಂಜನಾ ಮಿಕ್ಸಿ ಹಾಕುತ್ತಾಳೆ, ಮಗಳು ಮೌನಿಕಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ.

ಆ ಇಯರ್‌ಫೋನಿನಲ್ಲಿ ಅಂಥದ್ದೇನು ಬರುತ್ತದೆ ಎಂದು ಒಂದು ದಿನ ಮೇಷ್ಟರು ಕೇಳಿಯೇಬಿಟ್ಟರು.

"ಪಾಡ್‌ಕಾಸ್ಟ್ ಅಪ್ಪಾ. ಯಾರೋ ಕುಂತು ಮಾತಾಡ್ತಿರ್ತಾರ, ನಾವು ಕೇಳ್ತಿರ್ತೀವಿ."

"ಎಷ್ಟೊತ್ತು ಮಾತಾಡ್ತಾರ?"

"ಒಂದು ತಾಸು. ಒಮ್ಮೊಮ್ಮೆ ಎರಡು ತಾಸು."

"ನಡುವ ಯಾರೂ ಮಿಕ್ಸಿ ಹಾಕಂಗಿಲ್ಲ?"

"ಇಲ್ಲ."

ಮೇಷ್ಟರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಲೋಕದಲ್ಲಿ ಇಂಥದ್ದೊಂದು ಮಹತ್ಸಾಧನ ಹುಟ್ಟಿರುವಾಗ ತಾವು ಇಷ್ಟು ವರ್ಷ ಒಗ್ಗರಣೆಯ ಸದ್ದಿನ ಜೊತೆ ಸ್ಪರ್ಧಿಸುತ್ತ ಕೂತಿದ್ದೆವಲ್ಲ ಎಂದು ಅವರಿಗೆ ಮರುಕವಾಯಿತು. ಅಂದೇ ಪಾಡ್‌ಕಾಸ್ಟ್ ಮಾಡುವ ಸಂಕಲ್ಪ ಘೋಷಿಸಿದರು.

"ನಿಮ್ಮ ಮಾತು ಯಾರು ಕೇಳ್ತಾರ್ರೀ," ಎಂದಳು ಅಂಜನಾ. "ಬೇಕಾದ್ರ ನಮ್ಮವ್ವನ್ನ ಮಾತಾಡಿಸ್ರಿ. ಕುರುಗೋಡು ಬಸ್‌ಸ್ಟ್ಯಾಂಡಿನಾಗ ಆಕಿ ಮಾತು ಕೇಳ್ತಾ ಬಸ್ ಬಿಟ್ಟೋರು ಅದಾರ."

ಅತ್ತೆಯನ್ನು ಮುಂದೆ ಕೂರಿಸುವುದು ಮೇಷ್ಟರಿಗೆ ಅಷ್ಟು ರುಚಿಸಲಿಲ್ಲ. ಆದರೆ ನಿರೂಪಕನ ಪೀಠ ತಮ್ಮದೇ ಎಂದಾದ ಮೇಲೆ ಒಪ್ಪಿಕೊಂಡರು. ಒಪ್ಪಲು ಇನ್ನೊಂದು ಕಾರಣವೂ ಇತ್ತು. ಕೆಲವು ದಿನಗಳ ಹಿಂದೆ ಸಿರುಗುಪ್ಪದಿಂದ ಒಂದು ಮನೆತನದವರು ಮೌನಿಕಾಳನ್ನು ನೋಡಿಕೊಂಡು ಹೋಗಿದ್ದರು. ಹುಡುಗ ಸಮ್ರಾಟ್ ಪಶುವೈದ್ಯ. ತಂದೆ ಎರ್ರಣ್ಣ ಭತ್ತ ಬೆಳೆಯುವವರು, ತಾಯಿ ಜಂಬಮ್ಮ. ಹುಡುಗ ಹುಡುಗಿ ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ಮಾತನಾಡಿ ಕೆಳಗಿಳಿದು ಬಂದರು. ಅವತ್ತು ಸಂಜೆ ಮೌನಿಕಾ ಇಯರ್‌ಫೋನ್ ಹಾಕಿಕೊಳ್ಳದೆ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಮನೆಯವರಿಗೆ ಅಷ್ಟು ಸಾಕಾಯಿತು. "ನಮ್ಮ ಮನ್ಯಾಗ ಹಿರಿಯರನ್ನ ಕೇಳಿ ತಿಳಿಸ್ತೀವಿ" ಎಂದು ಜಂಬಮ್ಮ ಹೇಳಿ ಹೋಗಿದ್ದರು. ಹುಡುಗಿಯ ತಂದೆ ಕಾರ್ಯಕ್ರಮ ನಡೆಸಿಕೊಡುವ ಗಣ್ಯ ವ್ಯಕ್ತಿ ಎಂದು ಸಿರುಗುಪ್ಪದವರಿಗೆ ತಿಳಿದರೆ ಕೆಟ್ಟದ್ದೇನೂ ಆಗದು ಎಂದು ಮೇಷ್ಟರು ಲೆಕ್ಕ ಹಾಕಿದರು.

ಮುಂದಿನ ಭಾನುವಾರ ಯಂಕಮ್ಮ ಕುರುಗೋಡಿನಿಂದ ಬಂದಿಳಿದರು. ಮೇಷ್ಟರು ಪಡಸಾಲೆಯ ಬಾಗಿಲು ಹಾಕಿ, ಕಿಟಕಿ ಹಾಕಿ, ಸದ್ದು ಬರಬಾರದೆಂದು ಫ್ಯಾನನ್ನೂ ನಿಲ್ಲಿಸಿದರು. (ಬಳ್ಳಾರಿಯ ಬಿಸಿಲಿನಲ್ಲಿ ಇದೆಂಥ ತ್ಯಾಗ ಎಂಬುದನ್ನು ಆ ಊರಿನಲ್ಲಿ ಒಂದು ಮಧ್ಯಾಹ್ನ ಕಳೆದವರು ಬಲ್ಲರು.) ಫೋನಿನಲ್ಲಿ ರೆಕಾರ್ಡಿಂಗ್ ಶುರುವಾಯಿತು. ಮೊದಲು ಮೇಷ್ಟರು ಮಾನವನ ವಾಕ್‌ಶಕ್ತಿಯ ಉಗಮ ಮತ್ತು ವಿಕಾಸದ ಬಗ್ಗೆ ನಾಲ್ಕು ಮಾತು ಆಡಿದರು. ಆ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಯಂಕಮ್ಮನಿಗೆ ಒಂದು ಸಣ್ಣ ನಿದ್ದೆಯಾಗಿತ್ತು. ಅಂಜನಾ ತಾಯಿಯ ಭುಜ ತಟ್ಟಿದಳು.

"ಮದುವಿ ಆದ ಮೊದಲ ವಾರದ್ದು ಹೇಳವ್ವಾ."

"ನಾನು ರಾರಾವಿ ಹುಡುಗಿ ನಾಯನಾ," ಎಂದು ಯಂಕಮ್ಮ ಸೆರಗು ಸರಿಮಾಡಿಕೊಂಡರು. "ಹೊಳಿ ದಂಡಿ ಊರು. ನಮ್ಮಲ್ಲಿ ಮೂರೊತ್ತೂ ಅನ್ನ. ಕುರುಗೋಡಿಗೆ ಕೊಟ್ರು. ಇಲ್ಲಿ ಮೂರೊತ್ತೂ ಜೋಳದ ರೊಟ್ಟಿ. ನನಗ ತಟ್ಟಾಕ ಬರಂಗಿಲ್ಲ. ತಟ್ಟಿದ್ರ ಹರೀತೈತಿ, ಎತ್ತಿದ್ರ ಮುರೀತೈತಿ..."

"ಇಲ್ಲಿ ಕೇಳುಗರು ಒಂದು ಅಂಶ ಗಮನಿಸಬೇಕು," ಎಂದು ಮೇಷ್ಟರು ನಡುವೆ ಬಂದರು. "ಆಹಾರ ಪದ್ಧತಿಯ ಮೇಲೆ ಭೌಗೋಳಿಕ ಪರಿಸರದ ಪ್ರಭಾವ..."

ಪ್ರಭಾವ ಬಹಳ ಹೊತ್ತು ನಡೆಯಿತು. ಯಂಕಮ್ಮ ಕಾದರು. ಮತ್ತೆ ಹಿಡಿದರು. ಮುರಿದ ರೊಟ್ಟಿಯನ್ನೆಲ್ಲ ಅತ್ತೆಗೆ ಕಾಣದಂತೆ ಸೆರಗಿನಲ್ಲಿ ಕಟ್ಟಿ ಒಯ್ದು ಎಮ್ಮೆಗೆ ಹಾಕುತ್ತಿದ್ದರಂತೆ. ಎಮ್ಮೆಯ ವಿಷಯ ಬಂದೊಡನೆ ಮೇಷ್ಟರು ಹೈನುಗಾರಿಕೆಯತ್ತ ಹೊರಳಿದರು. ಅಲ್ಲಿಂದ ಯಂಕಮ್ಮನೇ ಎಳೆದು ತರಬೇಕಾಯಿತು.

"ಎಮ್ಮಿಗೆ ರುಚಿ ಹತ್ತಿಬಿಡ್ತು ನಾಯನಾ. ಒಂದಿನ ನಮ್ಮಪ್ಪ ರಾರಾವಿಯಿಂದ ನನ್ನ ನೋಡಾಕ ಬಂದಾನ. ಪಡಸಾಲ್ಯಾಗ ಕುಂತಾನ. ನಾನಿನ್ನೂ ಹಂಚು ಇಟ್ಟಿಲ್ಲ, ಎಮ್ಮಿ ಹಗ್ಗ ಹರಕೊಂಡು ಬಂದು ನಡುಮನಿ ಬಾಗಿಲಾಗ ನಿಂತು ಒದರಾಕ ಹತ್ತಿತು. ನಮ್ಮತ್ತಿಗೆ ಎಲ್ಲಾ ತಿಳಿದುಹೋತು. ಎದ್ದು ನನ್ನ ಮುಖ ನೋಡಿದ್ಲು. ನಮ್ಮಪ್ಪನ ಮುಖ ನೋಡಿದ್ಲು. ಆಮ್ಯಾಲ..."

"ಕಾಲ ಸರಿದದ್ದೇ ತಿಳಿಯಲಿಲ್ಲ," ಎಂದರು ಮೇಷ್ಟರು, ಫೋನ್ ನೋಡುತ್ತ. "ಇಲ್ಲಿಗೆ ಇಂದಿನ ಸಂಚಿಕೆ ಸಂಪನ್ನ. ಈಗ ಒಟ್ಟು ಸಾರಾಂಶವನ್ನು ನಾನು ಹೇಳುತ್ತೇನೆ."

ಯಂಕಮ್ಮ ಮಗಳ ಕಡೆ ನೋಡಿದರು. ಅಂಜನಾ ಎದ್ದು ಹೋಗಿ ಫ್ಯಾನ್ ಹಾಕಿದಳು.

ಧ್ವನಿಯೊಂದಿದ್ದರೆ ಪಾಡ್‌ಕಾಸ್ಟ್ ಆಗುವುದಿಲ್ಲ, ಫೀಡ್ ಫೈಲ್ ಎಂಬುದೊಂದು ಬೇಕು ಎಂದು ಮೇಷ್ಟರಿಗೆ ಆಮೇಲೆ ತಿಳಿಯಿತು. ಮೌನಿಕಾ ಬಿಡಿಸಿ ಹೇಳಿದಳು.

"ಲಗ್ನಪತ್ರಿಕಿ ಇದ್ದಂಗ ಅಪ್ಪಾ. ಕಾರ್ಯಕ್ರಮದ ಹೆಸರೇನು, ಯಾರು ಮಾಡ್ಯಾರ, ಆಡಿಯೊ ಎಲ್ಲಿ ಐತಿ, ಯಾ ತಾರೀಖು, ಎಲ್ಲಾ ಅದರಾಗ ಬರೀಬೇಕು. ಜನರ ಫೋನಿನಾಗಿರೋ ಆ್ಯಪ್ ಅದನ್ನ ಓದಿ, ಹೇಳಿದ ಜಾಗದಿಂದ ಆಡಿಯೊ ಒಯ್ತೈತಿ. ಕೊಡ್ರಿ, ನಾನು ಮಾಡಿಕೊಡ್ತೀನಿ."

"ಅದು ಯಾ ಭಾಷಿಯಾಗಿರ್ತೈತಿ?"

"ಒಳಗ ಇಂಗ್ಲಿಷ್ ಪದ ಇರ್ತಾವ."

"ಇಂಗ್ಲಿಷ್?" ಮೇಷ್ಟರು ಮುಗುಳ್ನಕ್ಕರು. "ಹಂಗಾದ್ರ ನೀ ಯಾಕವ್ವಾ?"

ಮೌನಿಕಾ ಕಾಲೇಜಿನಲ್ಲಿದ್ದಾಗ ಮಾಡಿಟ್ಟಿದ್ದ ಪುಟ್ಟ ಜಾಲತಾಣವೊಂದಿತ್ತು. ಅಲ್ಲಿ ಫೈಲು ಇಡಲು ಜಾಗ ಬಿಟ್ಟುಕೊಟ್ಟು, ಹೇಗೆ ಇಡಬೇಕೆಂದು ತೋರಿಸಿ, ಆಸ್ಪತ್ರೆಯ ಲ್ಯಾಬಿನ ತನ್ನ ಕೆಲಸಕ್ಕೆ ಹೋದಳು. ಮೇಷ್ಟರು ಅಂತರ್ಜಾಲದಲ್ಲಿ ಮಾದರಿ ಫೈಲೊಂದನ್ನು ಹುಡುಕಿ ತುಂಬಲು ಕೂತರು. ಪಕ್ಕದಲ್ಲೇ ಅಂಜನಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆ ಫೈಲಿನ ನಿಯಮ ಏನೆಂದರೆ, ಕೊಕ್ಕೆಯಂಥ ಚಿಹ್ನೆಗಳ ನಡುವೆ ಒಂದು ಪದ ತೆರೆದರೆ, ವಿಷಯ ಬರೆದ ಮೇಲೆ ಅದೇ ಪದದಿಂದ ಮುಚ್ಚಲೇಬೇಕು. ಮೇಷ್ಟರು ತೆರೆಯುತ್ತ ಹೋದರು, ಮುಚ್ಚುವುದನ್ನು ಮರೆತರು. ಫೈಲು ಸರಿಯಿದೆಯೇ ಎಂದು ಪರೀಕ್ಷಿಸುವ ಜಾಲತಾಣವೊಂದು ಕೆಂಪು ಬಣ್ಣದಲ್ಲಿ ಬೈಯಿತು.

"ಅಡುಗಿ ಮನ್ಯಾಗ ಡಬ್ಬಿ ತೆಗೆದು ಮುಚ್ಚಿದ ಮನುಷ್ಯರೇನು ನೀವು," ಎಂದಳು ಅಂಜನಾ. "ಅದಕ್ಕೂ ಗೊತ್ತಾಗೈತಿ."

ಎಲ್ಲ ಮುಚ್ಚಿದರು. ಆದರೂ ಬೈಗುಳ ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ ಕಾರಣ ತಿಳಿಯಿತು. ಕಾರ್ಯಕ್ರಮಕ್ಕೆ ಮೇಷ್ಟರು "ಅತ್ತೆ & ಅಳಿಯ" ಎಂದು ಹೆಸರಿಟ್ಟಿದ್ದರು. ನಡುವಿನ ಆ ಸುತ್ತಿದ ಚಿಹ್ನೆಗೆ ಫೀಡ್ ಫೈಲಿನಲ್ಲಿ ಬೇರೆಯೇ ಅರ್ಥವಂತೆ, ಹಾಗೆ ನೇರವಾಗಿ ಹಾಕಿದರೆ ಇಡೀ ಫೈಲೇ ಕೆಟ್ಟು ಕೂರುತ್ತದಂತೆ.

"ನಮ್ಮವ್ವನ್ನೂ ನಿಮ್ಮನ್ನೂ ಕೂಡಿಸೋದು ಕಂಪ್ಯೂಟರಿಗೂ ಆಗವಲ್ದು ನೋಡ್ರಿ."

ಮೇಷ್ಟರು ಆ ಚಿಹ್ನೆ ತೆಗೆದು "ಅತ್ತೆ ಮತ್ತು ಅಳಿಯ" ಎಂದು ಬರೆದರು. ಸಂಚಿಕೆಯ ಹೆಸರು "ಮದುವೆಯಾದ ಮೊದಲ ವಾರ". ವಿವರಣೆಯ ಜಾಗದಲ್ಲಿ, "ಅನುಭವಿ ಗೃಹಿಣಿಯೊಬ್ಬರು ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟ ಗುಟ್ಟುಗಳು" ಎಂದು ಬರೆದು ತಾವೇ ಎರಡು ಸಲ ಓದಿ ಮೆಚ್ಚಿದರು. ಕೊನೆಗೆ ಒಂದು ಸಾಲು ಉಳಿಯಿತು. ಎಕ್ಸ್‌ಪ್ಲಿಸಿಟ್ ಎಂದಿತ್ತು. ಎದುರಿಗೆ ಟ್ರೂ ಅಥವಾ ಫಾಲ್ಸ್ ಎಂದು ತುಂಬಬೇಕು.

"ಮಾತು ಸ್ಪಷ್ಟ ಐತೇನು ಅಂತ ಕೇಳಾಕತ್ತೈತಿ," ಎಂದರು ಮೇಷ್ಟರು. "ಎಕ್ಸ್‌ಪ್ಲಿಸಿಟ್ ಅಂದ್ರ ಸ್ಪಷ್ಟ, ಸುಸ್ಪಷ್ಟ, ಗೊಂದಲ ಇಲ್ಲದ್ದು."

"ನಮ್ಮವ್ವಂದು ಸ್ಪಷ್ಟ ಐತಿ. ನಿಮ್ಮದು ನನಗ ಗೊತ್ತಿಲ್ಲ. ಮೌನಿ ಬಂದ ಮ್ಯಾಲ ಒಂದ್ಮಾತು ಕೇಳಿ ಹಾಕ್ರಿ."

"ಇಂಗ್ಲಿಷ್ ಶಬ್ದದ ಅರ್ಥ ನಾನು ಮಗಳನ್ನ ಕೇಳಬೇಕೇನು?"

ಟ್ರೂ ಎಂದು ಬರೆದರು. ಕಾರ್ಯಕ್ರಮಕ್ಕೊಮ್ಮೆ, ಸಂಚಿಕೆಗೊಮ್ಮೆ, ಎರಡು ಕಡೆಯೂ. ಈ ಸಲ ಪರೀಕ್ಷಿಸುವ ಜಾಲತಾಣ ಹಸಿರು ಬಣ್ಣ ತೋರಿಸಿತು. ಆ್ಯಪ್‌ಗಳಿಗೆ ಫೀಡಿನ ವಿಳಾಸ ಸಲ್ಲಿಸಿದ್ದಾಯಿತು. ಕಾರ್ಯಕ್ರಮ ಅಲ್ಲಿ ಕಾಣಿಸಿಕೊಂಡ ದಿನ ಮೇಷ್ಟರು ಅದರ ಕೊಂಡಿಯನ್ನು ಶಾಲೆಯ ಗುಂಪಿಗೆ, ಬಂಧುಗಳ ಗುಂಪಿಗೆ, ಕುರುಗೋಡಿನ ನೆಂಟರಿಗೆ ಕಳಿಸಿದರು. ಸಿರುಗುಪ್ಪದ ಎರ್ರಣ್ಣನವರಿಗೆ ಮಾತ್ರ ಪ್ರತ್ಯೇಕವಾಗಿ, "ಸಕುಟುಂಬ ಸಪರಿವಾರ ಸಮೇತರಾಗಿ ಆಲಿಸಬೇಕಾಗಿ ವಿನಂತಿ" ಎಂಬ ಒಕ್ಕಣೆಯೊಂದಿಗೆ ಕಳಿಸಿದರು.

ಒಂದು ವಾರವಾದರೂ ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಶಿಕ್ಷಕರ ಕೋಣೆಗೆ ಹೋದರೆ ಇಬ್ಬರು ಮೇಡಂಗಳು ಪುಸ್ತಕ ಎತ್ತಿಕೊಂಡು ಹೊರಗೆ ನಡೆದರು. ಕೊನೆಗೆ ಗಣಿತದ ಮೂಕಪ್ಪ, ಹೆಸರಿಗೆ ತಕ್ಕಂತೆ ಮಿತಭಾಷಿ, ಮೇಷ್ಟರನ್ನು ಮೆಟ್ಟಿಲ ಬಳಿ ಕರೆದೊಯ್ದು ತನ್ನ ಫೋನ್ ತೋರಿಸಿದ.

"ಸರ್, ಇದನ್ನ ನನ್ನ ಫೋನು ಹಚ್ಚವಲ್ದು."

"ಯಾಕ?"

"ನಮ್ಮ ಹುಡುಗರು ಮುಟ್ತಾರಂತ, ಕೆಟ್ಟವು ಬರದಂಗ ಮಾಡಿಟ್ಟೀನಿ." ಸ್ವಲ್ಪ ತಡೆದ. "ನಿಮ್ಮ ಅತ್ತಿಯವರ ಮಾತು ದೊಡ್ಡವರಿಗೆ ಮಾತ್ರ ಅಂತ ಐತ್ರಿ. ಎಕ್ಸ್‌ಪ್ಲಿಸಿಟ್."

"ಅದು ಸ್ಪಷ್ಟ ಅಂತ..."

"ಸ್ಪಷ್ಟ ಅಂದ್ರ, ಸರ್," ಮೂಕಪ್ಪ ಸುತ್ತ ನೋಡಿ ದನಿ ತಗ್ಗಿಸಿದ, "ಎಲ್ಲಾ ಸ್ಪಷ್ಟ ಅಂತ. ಹಸಿ ಹಸಿ."

ಕಾರ್ಯಕ್ರಮದ ಹೆಸರಿನ ಪಕ್ಕದಲ್ಲಿ 'ಇ' ಎಂಬ ಇಂಗ್ಲಿಷ್ ಅಕ್ಷರ ಸಣ್ಣ ಚೌಕದೊಳಗೆ ಕೂತಿತ್ತು. ಅದರ ಕೆಳಗೆ "ಮದುವೆಯಾದ ಮೊದಲ ವಾರ". ಅದರ ಕೆಳಗೆ "ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟ ಗುಟ್ಟುಗಳು". ಅದರ ಕೆಳಗೆ ತಮ್ಮ ಮತ್ತು ಅತ್ತೆಯವರ ನಗುಮುಖದ ಚಿತ್ರ. ಮೇಷ್ಟರ ಕಿವಿಯೊಳಗೆ ಬಿಸಿಗಾಳಿ ಬೀಸಿದಂತಾಯಿತು. ಇಂಗ್ಲಿಷ್ ಮೇಷ್ಟರಿಗೆ ಇಂಗ್ಲಿಷ್ ಪದ ತಿಳಿಯಲಿಲ್ಲ ಎಂದು ಇನ್ನು ಹತ್ತು ನಿಮಿಷದಲ್ಲಿ ಶಾಲೆಗೆಲ್ಲ ತಿಳಿಯುತ್ತದೆ. ಆ ಗಾಬರಿಯಲ್ಲಿ ಅವರ ಬಾಯಿಂದ ಒಂದು ಮಾತು ತಾನಾಗಿ ಹೊರಟಿತು.

"ನಮ್ಮ ಹುಡುಗಿ ತುಂಬಿದ್ದಪ್ಪಾ. ಈಗಿನ ಮಕ್ಕಳು, ನೋಡೋದಿಲ್ಲ ಮಾಡೋದಿಲ್ಲ."

ಮೂಕಪ್ಪ ತಲೆಯಾಡಿಸಿದ. ಮೇಷ್ಟರು ಮನೆಗೆ ಓಡಿ ಎರಡೂ ಕಡೆ ಟ್ರೂ ಅಳಿಸಿ ಫಾಲ್ಸ್ ಎಂದು ಬರೆದರು. ಆ್ಯಪ್ ತೆರೆದು ನೋಡಿದರು. ಚೌಕ ಕದಲದೆ ಕೂತಿತ್ತು.

ಸಂಜೆ ಮೌನಿಕಾ ಬಂದು ಚಪ್ಪಲಿ ಬಿಟ್ಟಳು. ತಾಯಿ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಮಗಳು ತಂದೆಯ ಎದುರಿಗೆ ಕುಳಿತಳು.

"ಅಪ್ಪಾ, ಬಸ್‌ಸ್ಟಾಪಿನಾಗ ಮೂಕಪ್ಪ ಸರ್ ಸಿಕ್ಕಿದ್ರು. ಎಕ್ಸ್‌ಪ್ಲಿಸಿಟ್ ಅಂದ್ರ ಏನಂತ ನನಗ ಹೇಳಿಕೊಟ್ರು. ಇನ್ನ ಮ್ಯಾಲ ನೋಡಿ ತುಂಬಬೇಕವ್ವಾ ಅಂದ್ರು."

ಮೇಷ್ಟರು ನೆಲ ನೋಡಿದರು. ಮಗಳು ಜಗಳವಾಡಿದ್ದರೆ ಅವರಿಗೆ ಸುಲಭವಾಗುತ್ತಿತ್ತು, ಜಗಳಕ್ಕೆ ಅವರಲ್ಲಿ ಮಾತುಗಳಿದ್ದವು.

"ನೀ ಏನಂದಿ?"

"ಆತ್ರಿ ಸರ್ ಅಂದೆ. ಮತ್ತೇನನ್ಲಿ."

ಮೇಷ್ಟರು, ಫೈಲು ತಿದ್ದಿದರೂ ಆ ಅಕ್ಷರ ಯಾಕೆ ಹೋಗಿಲ್ಲ ಎಂದು ಮೆಲ್ಲಗೆ ಕೇಳಿದರು. ಆ್ಯಪ್ ಮತ್ತೊಮ್ಮೆ ಬಂದು ಫೈಲು ಓದಿದಾಗ ಬದಲಾಗುತ್ತದೆ, ಅಷ್ಟರಲ್ಲಿ ನೋಡಿದವರು ನೋಡಿದ್ದೇ ಎಂದಳು ಮಗಳು. ಆಮೇಲೆ, "ಸಿರುಗುಪ್ಪಕ್ಕೂ ಕಳಿಸೀರೇನು?" ಎಂದಳು.

ಮೇಷ್ಟರು ಹೌದೆಂದು ತಲೆಯಾಡಿಸಿದರು. ಮೌನಿಕಾ ಎದ್ದು ಒಳಗೆ ಹೋದಳು. ಆ ರಾತ್ರಿ ಮೇಷ್ಟರು ಊಟದಲ್ಲಿ ಒಂದೂ ಮಾತಾಡದ್ದನ್ನು ಕಂಡು ಅಂಜನಾ ಅವರ ಹಣೆ ಮುಟ್ಟಿ ಜ್ವರವಿದೆಯೇ ನೋಡಿದಳು.

ಆ ಅಕ್ಷರದ ವಿಷಯ ತಿಳಿದ ಮೇಲೆ ಆಕೆ ಬಿಡಲಿಲ್ಲ. ಸಿರುಗುಪ್ಪದಿಂದ ಇನ್ನೂ ಸುದ್ದಿಯಿರಲಿಲ್ಲ. ತಿಳಿಸುತ್ತೇವೆ ಎಂದ ಜಂಬಮ್ಮ ತಿಳಿಸಿರಲಿಲ್ಲ. ಸಮ್ರಾಟ್ ಮೌನಿಕಾಗೆ ಕಳಿಸುತ್ತಿದ್ದ ಒಂದೆರಡು ಸಂದೇಶಗಳೂ ನಿಂತಿದ್ದವು.

"ಖುದ್ದು ಹೋಗಿ ತಪ್ಪಾತು ಅನ್ನೋಣು ನಡ್ರಿ. ನಮ್ಮವ್ವನ್ನೂ ಕರಕೊಂಡು ಹೋಗೋಣು. ಆಕಿ ಮರ್ಯಾದಿ ಪ್ರಶ್ನೆ."

ಭಾನುವಾರ ಸಿರುಗುಪ್ಪದ ಬಸ್ಸು ಕುರುಗೋಡಿನಲ್ಲಿ ನಿಂತಾಗ ಯಂಕಮ್ಮ ಕೈಚೀಲ ಹಿಡಿದು ಹತ್ತಿದರು. ಅಂಜನಾ ತಗ್ಗಿದ ದನಿಯಲ್ಲಿ ನಡೆದದ್ದನ್ನು ವಿವರಿಸಿದಳು. ಮುದುಕಿಗೆ ಆಘಾತವೇನೂ ಆದಂತೆ ಕಾಣಲಿಲ್ಲ.

"ದೊಡ್ಡೋರಿಗೆ ಅಂತಾನ ಬರದಾರಲ್ಲ. ಸಣ್ಣ ಹುಡುಗ್ರಿಗೆ ರೊಟ್ಟಿ ಚಿಂತಿ ಯಾಕ ಬೇಕು ಬಿಡು."

ಮೇಷ್ಟರು ಕಿಟಕಿಯ ಪಕ್ಕ ಕುಳಿತು ಕ್ಷಮಾಪಣೆಯ ಭಾಷಣವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು. ಹೊರಗೆ ಭತ್ತದ ಗದ್ದೆಗಳು ಬಂದು ಹೋದವು. ಅವು ಅವರಿಗೆ ಕಾಣಲಿಲ್ಲ.

ಎರ್ರಣ್ಣನವರ ಮನೆಯ ಪಡಸಾಲೆಯಲ್ಲಿ ಹೆಂಗಸರೇ ಹೆಚ್ಚಿದ್ದರು. ಜಂಬಮ್ಮ, ಆಕೆಯ ವಾರಗಿತ್ತಿ, ಒಬ್ಬ ನಾದಿನಿ, ಮಂಚದ ಮೇಲೆ ಕಿವಿ ಮಂದವಾದ ಮುದಿ ಅತ್ತೆ. ಸಮ್ರಾಟ್ ಯಾವುದೋ ಊರಿಗೆ ಹಸುವಿನ ಹೆರಿಗೆಗೆ ಹೋಗಿದ್ದನಂತೆ. ಎರ್ರಣ್ಣ ಬಾಗಿಲ ಬಳಿಯ ಬೆಂಚಿನ ಮೇಲೆ ಸದ್ದಿಲ್ಲದೆ ಕುಳಿತಿದ್ದರು. ಉಪ್ಪಿಟ್ಟು, ಮಿರ್ಚಿ ಬಂದವು. ಮೇಷ್ಟರು ತಟ್ಟೆ ಮುಟ್ಟದೆ ಎದ್ದು ನಿಂತು ಕೈಮುಗಿದರು.

"ಆ ಪಾಡ್‌ಕಾಸ್ಟಿನ ಹೆಸರಿನ ಪಕ್ಕದಲ್ಲಿ ಇದ್ದ ಅಕ್ಷರದ ಬಗ್ಗೆ ತಾವು ದಯವಿಟ್ಟು ಅನ್ಯಥಾ ಭಾವಿಸಬಾರದು."

"ಯಾ ಅಕ್ಷರ್ರೀ?" ಎಂದರು ಜಂಬಮ್ಮ.

"ಆ ಚೌಕದೊಳಗಿನ ಇ."

"ಅದಾ? ನಾವು ಇಂಗ್ಲಿಷ್ ಅಂತ ತಿಳಕೊಂಡ್ವಿ. ನೀವು ಇಂಗ್ಲಿಷ್ ಮಾಸ್ತರಲ್ಲೇನು. ಅಲ್ಲಾ?"

ಇಲ್ಲಿ ಮೇಷ್ಟರು ಹೌದು ಎಂದು ಹೇಳಿ ಕೂತುಬಿಡಬಹುದಾಗಿತ್ತು. ಅಂಜನಾ ಅವರ ಅಂಗಿಯ ತುದಿ ಎಳೆದಳು ಕೂಡ. ಆದರೆ ದಾರಿಯುದ್ದಕ್ಕೂ ಕಲಿತ ಭಾಷಣ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಅಲ್ಲ. ಅದು ಪ್ರಾಪ್ತವಯಸ್ಕರಿಗೆ ಮಾತ್ರ ಸೀಮಿತವಾದ, ದಾಂಪತ್ಯದ ಏಕಾಂತಕ್ಕೆ ಸಂಬಂಧಪಟ್ಟ ವಿಷಯವಿದೆ ಎಂಬ ಸೂಚನೆ."

ಮಂಚದ ಮೇಲಿನ ಮುದುಕಿ ಕಿವಿಗೆ ಕೈ ಹಚ್ಚಿದಳು.

"ಏನಂತ?"

ಮೇಷ್ಟರು ಮತ್ತೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಒಳಗೆ ಇಣುಕಿದರು. ವಾರಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಷ್ಟರಿಗೆ ಸಿರುಗುಪ್ಪದ ನೆಲ ಅಲ್ಲೇ ಬಿರುಕು ಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು.

"ನಮಗ ಅದು ಗೊತ್ತೇ ಇದ್ದಿಲ್ರಿ," ಎಂದರು ಜಂಬಮ್ಮ, ನಗು ತಡೆದುಕೊಂಡು. "ಈಗ ಗೊತ್ತಾತು."

"ಹಂಗಾದ್ರ ನೀವು ಯಾಕ ಸುದ್ದಿ ಹೇಳಿ ಕಳಿಸಲಿಲ್ಲ ಅಕ್ಕಾರ?" ಎಂದು ಅಂಜನಾ ಕೇಳಿದಳು.

ಜಂಬಮ್ಮನ ಮುಖದಲ್ಲಿ ನಗು ಹೋಯಿತು. ಗಂಡನ ಕಡೆ ನೋಡಿದರು. ಎರ್ರಣ್ಣ ಬಾಗಿಲಾಚೆ ನೋಡುತ್ತಿದ್ದರು.

"ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾವೆಲ್ಲಾ ಕುಂತು ಕೇಳಿದ್ವಿ. ಹುಡುಗಿ ಬಗ್ಗೆ ನಮ್ಮದು ಎರಡು ಮಾತಿಲ್ಲ. ಆದ್ರ ಆ ಹಿರಿಯಾಕಿ ಬಾಯಿ ತೆಗೀತಾಳ, ಮಾಸ್ತರು ಮುಚ್ಚಿಸ್ತಾರ. ತೆಗೀತಾಳ, ಮುಚ್ಚಿಸ್ತಾರ. ಒಂದು ಎಮ್ಮಿ ಕತಿ ಪೂರಾ ಹೇಳಾಕ ಬಿಡಲಿಲ್ಲ. ಹೆಣ್ಣುಮಕ್ಕಳ ಮಾತಿಗೆ ಜಾಗ ಇಲ್ಲದ ಮನ್ಯಾಗ ಹುಡುಗಿ ಹೆಂಗ ಬೆಳೆದಾಳೋ, ನಾಳಿ ಹಬ್ಬಕ್ಕ ಹುಣ್ಣಿವಿಗೆ ಮಾಸ್ತರು ಬಂದು ಕುಂತ್ರ ನಮ್ಮನಿ ಗತಿ ಏನೋ ಅಂತ ಅನುಮಾನ ಬಂತು. ಸಮ್ರಾಟಗೂ ಸ್ವಲ್ಪ ದಿನ ಸುಮ್ಮನಿರು ಅಂದಿದ್ದೆ."

ಮೇಷ್ಟರು ನಿಂತೇ ಇದ್ದರು. ಅಕ್ಷರ ತಪ್ಪಾಗಿದ್ದರೆ ಅಳಿಸಿ ತಿದ್ದಬಹುದು. ಇದು ಧ್ವನಿಯಲ್ಲಿ ಆದಿಯಿಂದ ಅಂತ್ಯದವರೆಗೆ ಅವರದೇ ಗಂಟಲಿನಲ್ಲಿ ದಾಖಲಾಗಿತ್ತು.

"ಅದಿರಲಿ," ಜಂಬಮ್ಮ ಯಂಕಮ್ಮನ ಹತ್ತಿರ ಸರಿದು ಕುಳಿತರು. "ಅತ್ತಿ ಎದ್ದು ನಿಮ್ಮ ಮುಖ ನೋಡಿದ್ಲು, ಅಪ್ಪನ ಮುಖ ನೋಡಿದ್ಲು. ಆಮ್ಯಾಲ? ಅವತ್ತಿನಿಂದ ನಾವು ಅದನ್ನೇ ಮಾತಾಡಾಕತ್ತೀವಿ. ಹೊಡೆದ್ಲು ಅಂತಾಳ ಈ ನಮ್ಮ ವಾರಗಿತ್ತಿ."

"ಹೊಡೀಲಿಲ್ಲಮ್ಮಾಯಿ," ಎಂದರು ಯಂಕಮ್ಮ. ಮಂಚದ ಮುದುಕಿಗೆ ಕೇಳಲೆಂದು ದನಿ ಏರಿಸಿದರು. "ಎಮ್ಮಿ ಹಣಿ ಸವರಿದ್ಲು. ನಮ್ಮಪ್ಪನ ಕಡಿ ತಿರುಗಿ, 'ಮೇವು ಹಾಕೋದು ನಾನೇ ಮರ್ತಿದ್ದೆ ಬೀಗರ, ಪಾಪ ಹಸಗೊಂಡು ಬಂದೈತಿ' ಅಂದ್ಲು. ತಪ್ಪು ತನ್ನ ಮ್ಯಾಲ ಹಾಕ್ಕೊಂಡ್ಲು. ನಮ್ಮಪ್ಪ ಊರಿಗೆ ಹೋಗಿ, ಮಗಳು ಚಲೋ ಮನಿ ಸೇರ್ಯಾಳ ಅಂದ್ನಂತ. ಮರುದಿನ ಆಕಿ ನನ್ನ ಹಿಂದ ಕುಂತು, ನನ್ನ ಕೈ ಮ್ಯಾಲ ತನ್ನ ಕೈ ಇಟ್ಟು ತಟ್ಟಿಸಿದ್ಲು. ಎಮ್ಮಿ ಸುದ್ದಿ ಸಾಯೋತನಕ ಎತ್ತಲಿಲ್ಲ."

ಮಂಚದ ಮುದುಕಿ ಸೊಸೆಯ ಕಡೆ ಒಮ್ಮೆ ನೋಡಿದಳು. ಜಂಬಮ್ಮ ಕಣ್ಣೊರೆಸಿಕೊಂಡರು. ಮೇಷ್ಟರ ಕಣ್ಣಮುಂದೆ ಶಾಲೆಯ ಮೆಟ್ಟಿಲು ಬಂದು ನಿಂತಿತು. ಈ ಕಥೆ ತಮ್ಮ ಫೋನಿನೊಳಗೆ ಇಳಿಯಲು ಒಂದು ಮಾತಿನ ದೂರದಲ್ಲಿತ್ತು, ತಾವು ಸಾರಾಂಶ ಹೇಳಲು ಹೋಗಿ ಅದನ್ನು ತಡೆದಿದ್ದರು. ಅದನ್ನು ಅಂದೇ ಕೇಳಿದ್ದರೆ ಮೂಕಪ್ಪನ ಮುಂದೆ ಮಗಳ ಹೆಸರು ಹೇಳುತ್ತಿದ್ದೆನೋ ಇಲ್ಲವೋ ಎಂದು ಅವರಿಗೇ ತಿಳಿಯಲಿಲ್ಲ.

"ಆ ಫೈಲು ತುಂಬಿದ್ದು ನಾನೇ," ಎಂದರು. "ಮೌನಿಕಾ ಅಲ್ಲ."

"ಮೌನಿಕಾ ಅಂತ ಯಾರಂದ್ರು?" ಎಂದರು ಜಂಬಮ್ಮ.

"ನಾನು. ಶಾಲಿಯಾಗ."

ಅಂಜನಾಗೆ ಇದು ಹೊಸ ಸುದ್ದಿ. ಆಕೆ ನಿಧಾನವಾಗಿ ತಿರುಗಿ ಗಂಡನ ಮುಖವನ್ನು ನೋಡಿದಳು. ಮನೆಗೆ ಹೋದ ಮೇಲೆ ಮಿಕ್ಸಿಯ ಅಗತ್ಯ ಬೀಳುವುದಿಲ್ಲ, ಮಾತಾಡುವ ಸರದಿ ಈ ಸಲ ಆಕೆಯದೇ ಎಂದು ಮೇಷ್ಟರಿಗೆ ಖಚಿತವಾಯಿತು. ನಾಳೆ ಮೊದಲು ಮೂಕಪ್ಪನನ್ನು ಹುಡುಕಬೇಕು ಎಂದೂ ಅಂದುಕೊಂಡರು.

ಜಂಬಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಯಂಕಮ್ಮನಿಗೂ ಅಂಜನಾಗೂ ಹಚ್ಚಿದರು.

"ಒಳ್ಳೇ ದಿನ ನೋಡಿ ಎಲಿ ಅಡಿಕಿಗೆ ಬರ್ತೀವಿ. ಹುಡುಗಿಗೆ ಫೋನ್ ಮಾಡು ಅಂತ ಸಮ್ರಾಟಗ ಈಗ್ಲೇ ಹೇಳ್ತೀನಿ. ಒಂದೇ ಮಾತು ಮಾಸ್ತರ. ಅವತ್ತು ನಿಮ್ಮ ಕಡಿಂದ ನಾಕು ಮಾತು ಆಡೋದು ಈ ಹಿರಿಯಾಕಿ ಆಡ್ಲಿ."

ಹೆಣ್ಣಿನ ತಂದೆ ನಿಶ್ಚಯದ ದಿನ ಸಭೆಯಲ್ಲಿ ಮಾತಾಡದಿರುವುದು ಗಾದಿಲಿಂಗ ಮೇಷ್ಟರ ಕಲ್ಪನೆಗೂ ಮೀರಿದ ಸಂಗತಿ. ಆ ದಿನಕ್ಕೆಂದು ಅವರು ಮೌನಿಕಾ ಹುಟ್ಟಿದಾಗಿನಿಂದ ಪೀಠಿಕೆ ಕಟ್ಟಿಟ್ಟುಕೊಂಡಿದ್ದರು.

"ಆಗ್ಲಿ," ಎಂದರು. ಅವರ ಜೀವಮಾನದಲ್ಲಿ ಅದಕ್ಕಿಂತ ಚಿಕ್ಕ ವಾಕ್ಯ ಅವರ ಬಾಯಿಂದ ಬಂದದ್ದನ್ನು ಅಂಜನಾ ಕೇಳಿರಲಿಲ್ಲ.

ಹೆಂಗಸರು ಯಂಕಮ್ಮನನ್ನು ಸುತ್ತುವರಿದು ಇನ್ನೊಂದು ಕಥೆಗೆ ದುಂಬಾಲು ಬಿದ್ದರು. ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದ ಮೇಷ್ಟರನ್ನು ಕಂಡು, ಅಷ್ಟು ಹೊತ್ತೂ ತುಟಿ ಬಿಚ್ಚದ ಎರ್ರಣ್ಣ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

"ಬರ್ರಿ ಬೀಗರ, ಇಲ್ಲಿ ಕುಂಡ್ರಿ," ಎಂದರು ಪಿಸುದನಿಯಲ್ಲಿ. "ಗಾಳಿ ಚಲೋ ಬರ್ತೈತಿ. ಮದುವಿ ಆದಾಗಿಂದ ನಾನು ಇಲ್ಲೇ ಕುಂಡ್ರೋದು."